ಯಾವ ಹೆಗಡೆಯವರು? ಯಕ್ಷಗಾನದ ಹೆಸರುಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೊಂಡದಕುಳಿ ರಾಮಚಂದ್ರ ಹೆಗಡೆ, ನೀಲ್ಕೋಡು ಶಂಕರ ಹೆಗಡೆ... ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನದಲ್ಲಿ ಎತ್ತ ನೋಡಿದರೂ ಹೆಗಡೆಯವರೇ. ಇವರೆಲ್ಲ ಒಂದೇ ಕುಟುಂಬದವರೇ?
— ಓದುಗರು, ದಾವಣಗೆರೆ

ಉತ್ತರ: ಅಲ್ಲ. ಉತ್ತರ ಕನ್ನಡದಲ್ಲಿ ‘ಹೆಗಡೆ’ ಎಂದಷ್ಟೇ ಹೇಳಿದರೆ ಯಾರ ಗುರುತೂ ಸಿಗುವುದಿಲ್ಲ. ಶಾಸನಗಳಲ್ಲಿ ಕಾಣುವ ‘ಪೆರ್ಗಡೆ’ ಆಡಳಿತದ ಹಿರಿಯ ಅಧಿಕಾರಿಯ ಪದವಿ. ಅದೇ ಮುಂದೆ ಹಲವು ಸಮುದಾಯಗಳಲ್ಲಿ ಅಡ್ಡಹೆಸರಾಗಿ ಉಳಿಯಿತು. ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹವ್ಯಕರಲ್ಲಿ ಹೆಗಡೆ, ಭಟ್ಟ, ಯಾಜಿ, ಜೋಶಿ, ಶಾಸ್ತ್ರಿ ಎಲ್ಲವೂ ಇವೆ. ಹೆಗಡೆಯವರ ಮನೆಗೂ ಹೆಗಡೆಯವರ ಮನೆಗೂ ನೆಂಟಸ್ತಿಕೆ ಆಗುವುದು ಅಲ್ಲಿ ಸಾಮಾನ್ಯ ಸಂಗತಿ, ಗೋತ್ರ ಬೇರೆಯಿದ್ದರೆ ಸಾಕು. ಅಂದಮೇಲೆ ಅಡ್ಡಹೆಸರು ಒಂದೇ ಎಂದ ಮಾತ್ರಕ್ಕೆ ರಕ್ತಸಂಬಂಧ ಇರಲೇಬೇಕೆಂದಿಲ್ಲ.

ನೋಡಬೇಕಾದದ್ದು ಹೆಗಡೆಗಿಂತ ಮುಂಚೆ ಬರುವ ಪದವನ್ನು. ಕೆರೆಮನೆ, ಚಿಟ್ಟಾಣಿ, ಕೊಂಡದಕುಳಿ, ನೀಲ್ಕೋಡು, ತೋಟಿಮನೆ, ಹಡಿನಬಾಳ ಇವೆಲ್ಲ ಊರಿನ, ಕೇರಿಯ ಇಲ್ಲವೇ ಮನೆಯ ಹೆಸರುಗಳು. ಆ ಕಡೆಯವರು ಹೊಸಬರನ್ನು ಕಂಡರೆ ‘ಯಾವ ಮನೆ ಹೆಗಡೇರು?’ ಎಂದೇ ಕೇಳುತ್ತಾರೆ. ನೀವು ಕೊಟ್ಟಿರುವ ಪಟ್ಟಿಯ ನಾಲ್ವರು ಕಲಾವಿದರು ನಾಲ್ಕು ಬೇರೆ ಬೇರೆ ಮನೆಯವರು.

ಒಂದೇ ಸೀಮೆಯಿಂದ ಇಷ್ಟು ಮಂದಿ ಬಂದದ್ದಕ್ಕೆ ಕಾರಣವಿದೆ. ಅಲ್ಲಿ ದೇವಸ್ಥಾನದ ಮೇಳಗಳಿದ್ದವು (ಮೇಳ ಎಂದರೆ ಯಕ್ಷಗಾನ ತಂಡ), ಮನೆತನಗಳು ಕಟ್ಟಿ ನಡೆಸಿದ ಮೇಳಗಳೂ ಇದ್ದವು. ಮಳೆಗಾಲ ಮುಗಿದ ಮೇಲೆ ಗೆಜ್ಜೆ ಕಟ್ಟಿದರೆ ಮುಂಗಾರು ಹಿಡಿಯುವ ತನಕ ತಿರುಗಾಟ. ಒಂದು ಮನೆಯಲ್ಲಿ ಒಬ್ಬರು ವೇಷ ಕಟ್ಟಿದರೆ ಮಕ್ಕಳು, ತಮ್ಮಂದಿರು, ಪಕ್ಕದ ಮನೆಯ ಹುಡುಗರು ಚೌಕಿಯಲ್ಲೇ (ವೇಷ ಕಟ್ಟುವ ಕೋಣೆಯಲ್ಲೇ) ಕಲಿತರು. ಅಡ್ಡಹೆಸರು ಕಲೆಯನ್ನು ಕೊಡಲಿಲ್ಲ, ಈ ಒಡನಾಟ ಕೊಟ್ಟಿತು.

ಪ್ರಶ್ನೆ: ಕೆರೆಮನೆಯ ಹೆಗಡೆಯವರಲ್ಲಿ ಯಾರು ಯಾರಿಗೆ ಏನಾಗಬೇಕು? ಶಂಭು ಹೆಗಡೆ, ಮಹಾಬಲ ಹೆಗಡೆ ಅಣ್ಣತಮ್ಮಂದಿರು ಎಂದು ಒಂದು ಕಡೆ ಓದಿದೆ.
— ಓದುಗರು, ಧಾರವಾಡ

ಉತ್ತರ: ಒಡಹುಟ್ಟಿದವರಲ್ಲ. ಇಬ್ಬರೂ ಒಂದೇ ಮನೆತನದವರು, ಮಹಾಬಲ ಹೆಗಡೆಯವರು ವಯಸ್ಸಿನಲ್ಲಿ ಹಿರಿಯರು.

ಮೊದಲಿಗೆ ಹೇಳಬೇಕಾದವರು ಕೆರೆಮನೆ ಶಿವರಾಮ ಹೆಗಡೆ (1908–1992). ಹೊನ್ನಾವರ ತಾಲ್ಲೂಕಿನ ಗುಣವಂತೆಯ ಇವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಜನ ಅದನ್ನು ‘ಕೆರೆಮನೆ ಮೇಳ’ ಎಂದೇ ಕರೆಯುತ್ತಾರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದ ಮೊದಲ ಯಕ್ಷಗಾನ ಕಲಾವಿದರು ಇವರೇ. ಇವರ ಕೌರವನನ್ನು ನೋಡಿದವರು ಇಂದಿಗೂ ಬೇರೆ ಕೌರವರನ್ನು ಅದರ ಎದುರಿಗಿಟ್ಟೇ ಅಳೆಯುತ್ತಾರೆ.

ಇವರ ಮಗ ಶಂಭು ಹೆಗಡೆ (1938–2009). ಯಕ್ಷಗಾನ ಕಲಿತದ್ದು ಮನೆಯಲ್ಲೇ. ಆಮೇಲೆ ದಿಲ್ಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಅಭ್ಯಾಸ ಮಾಡಿದರು. ಊರಿಗೆ ಮರಳಿದವರು ಮೇಳದ ರಂಗಶಿಸ್ತನ್ನೇ ತಿದ್ದಿದರು. ಪ್ರಸಂಗವನ್ನು, ಅಂದರೆ ಆಡುವ ಕಥಾನಕವನ್ನು, ಕೆಲವೇ ಗಂಟೆಗೆ ಇಳಿಸುವಾಗ ಕತೆ ಓಡಿಸಿ ಮುಗಿಸುವುದು ಸುಲಭ. ಯಾವ ಪದ್ಯ ಉಳಿಯಬೇಕು, ಯಾವುದು ಹೋಗಬಹುದು, ಉಳಿದದ್ದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂದು ನಿಕ್ಕಿ ಮಾಡಿಕೊಳ್ಳುವುದು ಕಷ್ಟ. ಶಂಭು ಹೆಗಡೆಯವರು ಆ ಕಷ್ಟದ ಕೆಲಸ ಮಾಡಿದರು. ಗುಣವಂತೆಯ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಅವರು ಕಟ್ಟಿದ್ದು. 2009ರ ಫೆಬ್ರವರಿ ಮೊದಲ ವಾರ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗ ಅಸ್ವಸ್ಥರಾಗಿ ತೀರಿಕೊಂಡರು. ಅವರ ತಮ್ಮ ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಹೆಸರಾದವರು. ಈಗ ಮೇಳ ನಡೆಸುತ್ತಿರುವವರು ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆ.

ಮಹಾಬಲ ಹೆಗಡೆಯವರು (1927–2009) ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಒಂದೇ ವರ್ಷ ಇಬ್ಬರೂ ಹೋದದ್ದರಿಂದ ಬರೆಹಗಳಲ್ಲಿ ಒಬ್ಬರ ದಿನಾಂಕ ಇನ್ನೊಬ್ಬರಿಗೆ ಅಂಟಿಕೊಂಡಿರುತ್ತದೆ. ಫೆಬ್ರವರಿ ಎಂದಿದ್ದರೆ ಶಂಭು ಹೆಗಡೆ, ಅಕ್ಟೋಬರ್ ಎಂದಿದ್ದರೆ ಮಹಾಬಲ ಹೆಗಡೆ ಎಂದು ತಿಳಿಯಿರಿ.

ಪ್ರಶ್ನೆ: ‘ರಾಮಚಂದ್ರ ಹೆಗಡೆ’ ಎಂದಷ್ಟೇ ಬರೆದಿರುವ ಹಳೆಯ ಫೋಟೊ ಮತ್ತು ವಿಡಿಯೊ ನಮ್ಮ ಸಂಘದಲ್ಲಿವೆ. ಚಿಟ್ಟಾಣಿಯವರೋ ಕೊಂಡದಕುಳಿಯವರೋ ಹೇಗೆ ತಿಳಿಯುವುದು?
— ಓದುಗರು, ಸಾಗರ

ಉತ್ತರ: ಮೊದಲು ಕಾಲ ನೋಡಿ. ಚಿಟ್ಟಾಣಿಯವರು 1933ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ರಂಗಕ್ಕೆ ಬಂದವರು. ಕೊಂಡದಕುಳಿಯವರು ಒಂದು ತಲೆಮಾರು ಕಿರಿಯರು. 1960ರ ದಶಕದ ಕಪ್ಪುಬಿಳುಪು ಫೋಟೊದಲ್ಲಿ ಮುಖ್ಯ ವೇಷ ಕಟ್ಟಿದ ‘ರಾಮಚಂದ್ರ ಹೆಗಡೆ’ ಇದ್ದರೆ ಅವರು ಕೊಂಡದಕುಳಿಯವರಾಗಲು ಸಾಧ್ಯವಿಲ್ಲ.

ಮುಖದ ಬಣ್ಣ, ಕಿರೀಟ, ಮುಂಡಾಸು ನೋಡಿ ತೀರ್ಮಾನಿಸಬೇಡಿ. ಎಲ್ಲರೂ ಜಾರುವುದು ಇಲ್ಲೇ. ವೇಷಭೂಷಣ ಪಾತ್ರಕ್ಕೆ ಸೇರಿದ್ದು, ಕಲಾವಿದರಿಗೆ ಸೇರಿದ್ದಲ್ಲ. ಕೌರವನ ವೇಷ ಯಾರು ಕಟ್ಟಿದರೂ ದೂರದಿಂದ ಒಂದೇ ಥರ ಕಾಣುತ್ತದೆ. ವಿಡಿಯೊದಲ್ಲಾದರೆ ಪ್ರವೇಶ ಮತ್ತು ಒಂದು ಶೃಂಗಾರದ ಪದ್ಯ ನೋಡಿದರೆ ಸಾಕು. ಕೀಚಕ ಸೈರಂಧ್ರಿಯನ್ನು ಮೊದಲ ಸಲ ಕಾಣುವ ಭಾಗ ಇದ್ದರೆ ಅದನ್ನೇ ತೆಗೆಯಿರಿ. ಹಾಡುಗಾರರಾದ ಭಾಗವತರು ಪದ್ಯದ ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಚಿಟ್ಟಾಣಿಯವರು ಪ್ರತಿ ಸಲವೂ ಅದನ್ನು ಬೇರೆಯಾಗಿ ತೋರಿಸುತ್ತಾರೆ: ಒಮ್ಮೆ ಕಣ್ಣು ಮತ್ತು ಹುಬ್ಬಿನಲ್ಲಿ, ಒಮ್ಮೆ ಕತ್ತಿನ ಕೊಂಕಿನಲ್ಲಿ, ಇನ್ನೊಮ್ಮೆ ಇಡೀ ಮೈ ಬಳುಕಿಸಿ. ಕಾಲು ಚುರುಕಾಗಿ ತಾಳ ಹಿಡಿದಿರುವಾಗಲೂ ಮುಖ ತನ್ನ ಕೆಲಸ ಬಿಡುವುದಿಲ್ಲ. ಇದೇ ಜನ ‘ಚಿಟ್ಟಾಣಿ ಶೈಲಿ’ ಎಂದು ಕರೆದದ್ದು. ಭಸ್ಮಾಸುರ, ಕೀಚಕ, ಕೌರವ ಅವರ ಹೆಸರಿನ ಜತೆಗೇ ಬರುವ ವೇಷಗಳು. 2012ರಲ್ಲಿ ಪದ್ಮಶ್ರೀ ಬಂತು, ಯಕ್ಷಗಾನ ಕಲಾವಿದರಲ್ಲಿ ಮೊದಲಿಗೆ ಅವರಿಗೇ. 2017ರ ಅಕ್ಟೋಬರ್ 3ರಂದು ತೀರಿಕೊಂಡರು.

ಒಂದು ಎಚ್ಚರಿಕೆ: ಶೈಲಿ ಒಂದನ್ನೇ ನಂಬಬೇಡಿ. ಚಿಟ್ಟಾಣಿಯವರ ಕುಣಿತವನ್ನು ಅನುಸರಿಸಿದವರು ಬಹಳ ಮಂದಿ. ಜತೆಯ ಕಲಾವಿದರು ಯಾರು, ಭಾಗವತಿಕೆ ಯಾರದು, ಯಾವ ಮೇಳದ ಪರದೆ ಎಂಬವುಗಳಲ್ಲಿ ಇನ್ನೆರಡು ಸಾಕ್ಷಿ ಸಿಕ್ಕಿದ ಮೇಲಷ್ಟೇ ಫೋಟೊದ ಹಿಂದೆ ಹೆಸರು ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಕಾಲಾಂತರದಲ್ಲಿ ಚಿತ್ರದ ಮುಖಕ್ಕೆ ಹಾಯುತ್ತದೆ.

ಪ್ರಶ್ನೆ: ಚಿತ್ರನಟಿ ಪೂಜಾ ಹೆಗ್ಡೆ ಇದೇ ಹೆಗಡೆಯವರ ಪೈಕಿಯೇ?
— ಓದುಗರು, ಬೆಂಗಳೂರು

ಉತ್ತರ: ಅಲ್ಲ. ಅವರದು ತುಳುನಾಡಿನ ಬಂಟ ಕುಟುಂಬ. ಅಲ್ಲಿ ಹೆಸರನ್ನು ‘ಹೆಗ್ಡೆ’ ಎಂದು ಬರೆಯುವುದು ರೂಢಿ.

ಪ್ರಶ್ನೆ: ಚಿಟ್ಟಾಣಿಯವರ ಮಕ್ಕಳು ಹೆಗಡೆ ಎನ್ನದೆ ‘ಚಿಟ್ಟಾಣಿ’ ಎಂದೇ ಬರೆದುಕೊಳ್ಳುತ್ತಾರಲ್ಲ, ಯಾಕೆ? ಕೆಲವರ ಹೆಸರಿನ ಮುಂದೆ ‘ಭಾಗವತ’ ಎಂದಿರುತ್ತದೆ. ಅದು ಅಡ್ಡಹೆಸರೇ?
— ಓದುಗರು, ಪುಣೆ

ಉತ್ತರ: ಸುಬ್ರಹ್ಮಣ್ಯ ಚಿಟ್ಟಾಣಿ, ನರಸಿಂಹ ಚಿಟ್ಟಾಣಿ ಎಂಬ ಹೆಸರುಗಳಲ್ಲಿ ಊರೇ ಅಡ್ಡಹೆಸರಾಗಿ ನಿಂತಿದೆ. ತಂದೆಯನ್ನು ಪ್ರೇಕ್ಷಕರು ‘ಚಿಟ್ಟಾಣಿ’ ಎಂದೇ ಕರೆದರು. ‘ಇವತ್ತು ಚಿಟ್ಟಾಣಿ ಉಂಟು’ ಎಂದರೆ ಸಾಕು, ಊರ ಮೈದಾನ ತುಂಬುತ್ತಿತ್ತು. ಮನೆಯ ಹೆಸರಿಗೆ ರಂಗದಲ್ಲಿ ಇಷ್ಟು ಬೆಲೆ ಬಂದ ಮೇಲೆ ಮಕ್ಕಳು ಅದನ್ನು ಉಳಿಸಿಕೊಂಡದ್ದು ಸಹಜ.

ಭಾಗವತ ಎಂಬುದು ಮೊದಲಿಗೆ ಕೆಲಸದ ಹೆಸರು. ಹಾಡಿ ಆಟ ನಡೆಸುವವರು ಭಾಗವತರು. ಕಡತೋಕಾ ಮಂಜುನಾಥ ಭಾಗವತ, ನೆಬ್ಬೂರು ನಾರಾಯಣ ಭಾಗವತ, ಹೊಸ್ತೋಟ ಮಂಜುನಾಥ ಭಾಗವತ ಎನ್ನುವಾಗ ಊರು, ಹೆಸರು, ರಂಗದ ಕೆಲಸ ಮೂರೂ ಒಟ್ಟಿಗಿವೆ. ಕರ್ಕಿಯ ‘ಹಾಸ್ಯಗಾರ’ ಮನೆತನದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಟುಂಬದ ಹೆಸರೇ ಆಯಿತು. ಆದರೆ ಹಾಡುವವರೆಲ್ಲ ಹೆಸರಿನಲ್ಲಿ ಭಾಗವತ ಎಂದು ಸೇರಿಸಿಕೊಳ್ಳುವುದಿಲ್ಲ. ಕೇಶವ ಹೆಗಡೆ ಕೊಳಗಿ ಭಾಗವತರು, ಹೆಸರು ಮಾತ್ರ ಹೆಗಡೆಯೇ. ಇಲ್ಲಿ ಊರು ಕೊನೆಗೆ ಬಂದಿರುವುದನ್ನೂ ಗಮನಿಸಿ. ಹಿಂದಿನವರು ಊರನ್ನು ಮೊದಲಿಗೆ ಬರೆಯುತ್ತಿದ್ದರು, ಈಗ ಕೊನೆಗೆ ಬರೆಯುವವರೂ ಹೆಚ್ಚುತ್ತಿದ್ದಾರೆ. ಪಟ್ಟಿ ಮಾಡುವವರು ‘ಕೇಶವ ಹೆಗಡೆ ಕೊಳಗಿ’, ‘ಕೊಳಗಿ ಕೇಶವ ಹೆಗಡೆ’ ಇಬ್ಬರೆಂದು ಎಣಿಸಿ ಬಿಡುತ್ತಾರೆ.

ಪ್ರಶ್ನೆ: ನಮ್ಮ ಕನ್ನಡ ಸಂಘದಿಂದ ಒಂದು ಆಟ ಆಡಿಸುತ್ತಿದ್ದೇವೆ. ಆಮಂತ್ರಣದಲ್ಲಿ ಕಲಾವಿದರ ಹೆಸರು ಹಾಕುವ ಸರಿಯಾದ ಕ್ರಮ ಹೇಗೆ?
— ಓದುಗರು, ಮುಂಬಯಿ

ಉತ್ತರ: ಹಿಮ್ಮೇಳದಿಂದ ಶುರು ಮಾಡಿ: ಭಾಗವತರು, ಮದ್ದಳೆ, ಚಂಡೆ. ಆಮೇಲೆ ಮುಮ್ಮೇಳ, ಅಂದರೆ ವೇಷಧಾರಿಗಳು. ಪ್ರತಿ ಹೆಸರಿನ ಎದುರಿಗೆ ಆ ದಿನದ ಪಾತ್ರವನ್ನೂ ಹಾಕಿ. ಪಾತ್ರ ಹಾಕದೆ ಬರೀ ಹೆಸರಿನ ಸಾಲು ಕೊಟ್ಟರೆ ಹೊಸ ಪ್ರೇಕ್ಷಕರಿಗೆ ಪ್ರಯೋಜನವಿಲ್ಲ, ಹತ್ತು ವರ್ಷದ ಮೇಲೆ ನಿಮ್ಮ ಸಂಘದ ಕಡತಕ್ಕೂ ಪ್ರಯೋಜನವಿಲ್ಲ.

ಊರಿನ ಹೆಸರನ್ನು ಜಾಗ ಸಾಲದೆಂದು ತೆಗೆಯಬೇಡಿ. ‘ಶ್ರೀಪಾದ ಹೆಗಡೆ’ ಎಂದಷ್ಟೇ ಅಚ್ಚಾದರೆ ಏನಾಗುತ್ತದೆ ನೋಡಿ. ಹಡಿನಬಾಳ ಶ್ರೀಪಾದ ಹೆಗಡೆ ಯಕ್ಷಗಾನದವರು. ಶ್ರೀಪಾದ ಹೆಗಡೆ ಕಂಪ್ಲಿ, ಶ್ರೀಪಾದ ಹೆಗಡೆ ಸೋಮನಮನೆ ಇಬ್ಬರೂ ಹಿಂದೂಸ್ತಾನಿ ಗಾಯಕರು. ಊರು ಬಿಟ್ಟರೆ ಕೇಳುಗರು ಖಯಾಲ್ ಕೇಳಲೆಂದು ಬಂದು ಕೂರಬಹುದು! ಹಾಗೆಯೇ ‘ಸುಬ್ರಹ್ಮಣ್ಯ ಹೆಗಡೆ’ ಎಂದು ಹಾಕಿದರೆ ಯಲಗುಪ್ಪದವರು ಎಂದು ಯಾರಿಗೆ ಗೊತ್ತಾಗಬೇಕು? ನೀಲ್ಕೋಡಿನ ಶಂಕರ ಹೆಗಡೆಯವರ ಹಾಗೆ ಇವರೂ ಸ್ತ್ರೀವೇಷದಿಂದ ಹೆಸರಾದವರು. ಇಂಥವರ ಹೆಸರಿನ ಎದುರು ಪಾತ್ರ ಹಾಕುವುದು ಮತ್ತಷ್ಟು ಅಗತ್ಯ.

ಕಾಗುಣಿತ ಕಲಾವಿದರು ಬರೆದಂತೆಯೇ ಇರಲಿ. ಹೆಗಡೆಯನ್ನು ಹೆಗ್ಡೆ ಎಂದು, ಹೆಗ್ಡೆಯನ್ನು ಹೆಗಡೆ ಎಂದು ತಿದ್ದುವ ಹಕ್ಕು ಅಚ್ಚುಮನೆಗಿಲ್ಲ. ತಪ್ಪು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ನುಸುಳುತ್ತದೆ: ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕಳಿಸುತ್ತಾರೆ, ಅಲ್ಲಿ ಹೆಗಡೆ, ಹೆಗ್ಡೆ ಎರಡೂ ಒಂದೇ ಆಗಿರುತ್ತವೆ, ವಿನ್ಯಾಸ ಮಾಡುವವರು ತಮಗೆ ತೋಚಿದಂತೆ ಕನ್ನಡಕ್ಕೆ ತರುತ್ತಾರೆ. ಹೆಸರನ್ನು ಕನ್ನಡದಲ್ಲೇ ಬರೆಸಿಕೊಳ್ಳಿ, ಕರಡು ಪ್ರತಿಯನ್ನು ಮೇಳದ ಸಂಚಾಲಕರಿಗೆ ಒಮ್ಮೆ ತೋರಿಸಿ. ಬಿರುದುಗಳನ್ನು ಎಲ್ಲರಿಗೂ ಹಾಕಿ ಇಲ್ಲವೇ ಯಾರಿಗೂ ಹಾಕಬೇಡಿ. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಚೌಕಿಯಲ್ಲಿ ಆ ಮಾತೇ ನಡೆಯುತ್ತಿರುತ್ತದೆ.

ಪ್ರಶ್ನೆ: ಹಿರಿಯರು ಬಿಟ್ಟುಹೋದ ಯಕ್ಷಗಾನದ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ತುಂಬ ಇವೆ. ಮೇಲೆ ‘ಹೆಗಡೆ – ಕೀಚಕ’, ‘ಹೆಗಡೆ – ಗದಾಪರ್ವ’ ಎಂದಷ್ಟೇ ಬರೆದಿದೆ. ಉಳಿಸಿಕೊಳ್ಳುವುದು ಹೇಗೆ? ಯಾವ ಹೆಗಡೆ ಎಂದು ಪತ್ತೆ ಮಾಡುವುದು ಹೇಗೆ?
— ಓದುಗರು, ಶಿರಸಿ

ಉತ್ತರ: ತಡ ಮಾಡಬೇಡಿ, ಅವಸರದಿಂದ ಪ್ಲೇಯರಿಗೂ ಹಾಕಬೇಡಿ. ಮೊದಲು ಒಂದೊಂದೇ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯಿಂದ ಸುರುಳಿ ನೋಡಿ. ಬಿಳಿ ಪುಡಿಯಂತೆ, ಜೇಡರ ಬಲೆಯಂತೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಬರುವುದೇ ಹೆಚ್ಚು. ಅಂಥದ್ದನ್ನು ಬೇರೆ ಚೀಲದಲ್ಲಿಡಿ. ಅದನ್ನು ಹಾಕಿದ ಪ್ಲೇಯರಿನಿಂದ ಒಳ್ಳೆಯ ಕ್ಯಾಸೆಟ್ಟಿಗೂ ಬೂಷ್ಟು ಹರಡುತ್ತದೆ. ಕ್ಯಾಸೆಟ್ಟಿನ ಅಂಚಿನಲ್ಲಿ, ಟೇಪಿಗೆ ಪ್ಲೇಯರಿನ ಹೆಡ್ಡು (ಧ್ವನಿ ಓದುವ ಭಾಗ) ತಾಗುವ ಜಾಗದ ಹಿಂದಿರುವ ಪುಟ್ಟ ಒತ್ತುಪಟ್ಟಿ ಬಿದ್ದುಹೋಗಿದ್ದರೆ ಧ್ವನಿ ಮಂಕಾಗಿ, ಬಂದು ಹೋಗಿ ಮಾಡುತ್ತದೆ. ಟೇಪು ಕೆಟ್ಟಿದೆ ಎಂದು ಬಿಸಾಡಬೇಡಿ, ಒಳಗಿನ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಎರಡು ಪ್ಲಾಸ್ಟಿಕ್ ಗುಬುಟುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗದು.

ಪ್ಲೇಯರಿನ ಹೆಡ್ಡನ್ನು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ. ರಬ್ಬರಿನ ಉರುಳೆಗೆ ಅದು ಬೇಡ, ರಬ್ಬರು ಗಡುಸಾಗುತ್ತದೆ. ಒದ್ದೆ ಬಟ್ಟೆ ಸಾಕು. ವರ್ಷಗಟ್ಟಲೆ ಕೂತ ಟೇಪನ್ನು ಕೇಳುವ ಮುಂಚೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿ. ಸುರುಳಿಯ ಪದರಗಳು ಅಂಟಿದ್ದರೆ ಬಿಡಿಸಿಕೊಳ್ಳುತ್ತವೆ.

ಕಂಪ್ಯೂಟರಿಗೆ ಇಳಿಸುವಾಗ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್ ಇರಲಿ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ, 90 ನಿಮಿಷದ್ದಕ್ಕೆ ಒಂದೂವರೆ ಜಿಬಿ ಹಿಡಿಯುತ್ತದೆ. ಎಂಪಿ3 ಹಂಚುವುದಕ್ಕೆ ಮಾತ್ರ. ಧ್ವನಿಯ ಮಟ್ಟ ಇಡುವಾಗ ಮಾತನ್ನು ನೋಡಿ ಇಡಬೇಡಿ, ಯುದ್ಧದ ಚಂಡೆ ಬಾರಿಸುವ ಜಾಗ ಹುಡುಕಿ ಅಲ್ಲಿಗೆ ಹೊಂದಿಸಿ. ಇಲ್ಲವಾದರೆ ಏರುಪದ್ಯ (ವೀರಾವೇಶದ ಜೋರು ಹಾಡು) ಬಂದ ಕೂಡಲೇ ಧ್ವನಿ ಒಡೆದುಹೋಗುತ್ತದೆ, ಅದನ್ನು ಮತ್ತೆ ಸರಿ ಮಾಡಲು ಬರುವುದಿಲ್ಲ.

ಧ್ವನಿಯ ಗುರುತು ಹಿಡಿಯುವ ಮೊದಲು ವೇಗ ಪರೀಕ್ಷಿಸಿ. ಟೇಪು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ. ಆಗ ಗಂಭೀರ ಕಂಠ ಎಳಸಾಗಿ ಕೇಳಿಸಿ ಯಾರನ್ನೋ ಯಾರೋ ಎಂದುಕೊಳ್ಳುತ್ತೇವೆ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ ಟೇಪಿನಲ್ಲಿ 50 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು ಹಿನ್ನೆಲೆಯಲ್ಲಿ ಇರುವುದುಂಟು. ಸದ್ದನ್ನು ವಿಶ್ಲೇಷಿಸುವ ತಂತ್ರಾಂಶದಲ್ಲಿ ಅದು 53ರಲ್ಲಿ ಕಂಡರೆ ವೇಗ ಶೇಕಡಾ 6 ಹೆಚ್ಚಿದೆ ಎಂದರ್ಥ. ಆದರೆ ಗದ್ದೆಬಯಲಿನ ಆಟಕ್ಕೆ ಜನರೇಟರ್ ಇರುತ್ತಿತ್ತು, ಅದರ 50 ಅಷ್ಟು ನಿಖರವಲ್ಲ. ಬಯಲಾಟದ ಟೇಪಿಗೆ ಈ ಲೆಕ್ಕ ಅಂದಾಜಿಗೆ ಮಾತ್ರ.

ಇನ್ನು ಯಾವ ಹೆಗಡೆ ಎಂಬುದು. ಮೊದಲು ಹುಡುಕಬೇಕಾದದ್ದು ವೇಷಧಾರಿಯನ್ನಲ್ಲ, ಭಾಗವತರನ್ನು. ಅವರ ಧ್ವನಿ ಇಡೀ ಟೇಪಿನಲ್ಲಿ ಇರುತ್ತದೆ, ಕೇಳಿ ಪಳಗಿದವರು ಎರಡು ಪದ್ಯಕ್ಕೆ ಗುರುತಿಸುತ್ತಾರೆ. ಗುಂಡ್ಮಿ ಕಾಳಿಂಗ ನಾವಡರೆಂದು ಖಚಿತವಾದರೆ ಧ್ವನಿಮುದ್ರಣ 1990ರ ಮೇ ತಿಂಗಳಿಗಿಂತ ಹಿಂದಿನದು, ಅವರು ಆಗ ಅಪಘಾತದಲ್ಲಿ ತೀರಿಕೊಂಡರು. ನೆಬ್ಬೂರು ಭಾಗವತರಾದರೆ ಕೆರೆಮನೆ ಮೇಳದ ಆಟವಾಗಿರುವ ಸಾಧ್ಯತೆ ಹೆಚ್ಚು, ಹುಡುಕಾಟ ಅಲ್ಲಿಂದ ಶುರುವಾಗಲಿ. ಭಾಗವತರು, ಮೇಳ, ಕಾಲ ಮೂರೂ ಕೂಡಿದರೆ ಆ ವರ್ಷ ಆ ಮೇಳದಲ್ಲಿದ್ದ ಹೆಗಡೆಯವರು ಒಬ್ಬಿಬ್ಬರೇ ಉಳಿಯುತ್ತಾರೆ.

ಆಮೇಲೆ ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು, ಕೇಳಿ. ಆಡಿಯೊದಲ್ಲಿ ಕುಣಿತ ಕಾಣದಿರುವುದರಿಂದ ಚಿಟ್ಟಾಣಿಯವರಂಥ ನೃತ್ಯಾಭಿನಯದ ಕಲಾವಿದರನ್ನು ಧ್ವನಿಯಿಂದ ಗುರುತಿಸುವುದು ಕಷ್ಟದ ಕೆಲಸ. ಮಾತಿಲ್ಲದೆ ಮದ್ದಳೆ, ಗೆಜ್ಜೆಯ ಸದ್ದಷ್ಟೇ ದೀರ್ಘವಾಗಿ ಸಾಗಿ, ನಡುನಡುವೆ ಸಭೆಯ ಚಪ್ಪಾಳೆ, ಸಿಳ್ಳೆ ಬಂದರೆ ಅದೂ ಒಂದು ಸುಳಿವೇ. ‘ಗದಾಪರ್ವ’ದ ಟೇಪಿನಲ್ಲಾದರೆ ಕೌರವನೂ ಹೆಗಡೆ, ಭೀಮನೂ ಹೆಗಡೆ ಆಗಿರಬಹುದು. ಮೇಲೆ ಬರೆದವರು ಯಾರನ್ನು ಮನಸ್ಸಿನಲ್ಲಿಟ್ಟು ಬರೆದರೋ ಹೇಳಲಾಗದು, ಇಬ್ಬರ ಧ್ವನಿಯನ್ನೂ ಬೇರೆ ಬೇರೆಯಾಗಿ ತಾಳೆ ನೋಡಿ. ತಾಳೆಗೆ ಅಂತರ್ಜಾಲದಲ್ಲಿ ಹುಡುಕುವಾಗ ಊರ ಹೆಸರನ್ನು ಮುಂದೆಯೂ ಹಿಂದೆಯೂ ಹಾಕಿ, ಹೆಗಡೆ ಮತ್ತು ಹೆಗ್ಡೆ ಎರಡನ್ನೂ ಕೊಟ್ಟು ನೋಡಿ.

ಫೈಲಿನ ಹೆಸರು ಹೀಗಿರಲಿ: ಪ್ರಸಂಗ, ಪಾತ್ರ, ಕಲಾವಿದರ ಊರುಸಹಿತ ಪೂರ್ಣ ಹೆಸರು, ಭಾಗವತರು, ಸ್ಥಳ, ವರ್ಷ, ಕ್ಯಾಸೆಟ್ ಸಂಖ್ಯೆ, ಬದಿ. ರಾತ್ರಿಯಿಡೀ ನಡೆದ ಆಟವನ್ನು ಹಲವು ಕ್ಯಾಸೆಟ್ಟಿಗೆ ತುಂಬಿರುತ್ತಾರೆ, ಸಂಖ್ಯೆ ತಪ್ಪಿದರೆ ಕೀಚಕ ಸತ್ತ ಮೇಲೆ ಒಡ್ಡೋಲಗ (ಪಾತ್ರದ ಮೊದಲ ಪ್ರವೇಶ) ಬರುತ್ತದೆ. ಖಚಿತವಲ್ಲದ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಫೈಲಿನ ಹೆಸರಲ್ಲಿ ಹಾಕಲು ಹಲವು ಕಂಪ್ಯೂಟರುಗಳು ಬಿಡುವುದಿಲ್ಲ, ‘ಊಹೆ’ ಎಂದೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದು ಮನೆಯಲ್ಲಿರಲಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಹಳೆಯ ಕ್ಯಾಸೆಟ್ಟನ್ನು ಅದರ ಮೇಲಿನ ಬರೆಹದ ಸಮೇತ ಉಳಿಸಿಕೊಳ್ಳಿ; ‘ಹೆಗಡೆ – ಕೀಚಕ’ ಎಂಬ ಆ ಎರಡು ಪದದ ಫೋಟೊ ಕೂಡ ಅದೇ ಫೋಲ್ಡರಿನಲ್ಲಿರಲಿ.